ಅಣ್ಣನ ಬನ್ನಿಗೆ ಎರಡು ಪಾಲು

ಆ ಸುತ್ತಿನ ಬೀದಿಗಳಲ್ಲಿ ಅವನನ್ನು ಬನ್ ಮಾವ ಎಂದು ಕರೆಯದವರು ಇಬ್ಬರೇ. ಒಬ್ಬಳು ಅವನ ಮಗಳು, ಅವಳಿಗೆ ಅವನು ಅಪ್ಪ. ಇನ್ನೊಬ್ಬರು ಅವನ ಅತ್ತಿಗೆ. ಅವರು ಅವನನ್ನು ಏನೂ ಕರೆಯುತ್ತಿರಲಿಲ್ಲ, 'ಇಲ್ಲಿ ಬಾ' ಎನ್ನುತ್ತಿದ್ದರು, ಅವನು ಹೋಗುತ್ತಿದ್ದ. ಉಳಿದಂತೆ ಅಂಬೆಗಾಲಿಡುವ ಕೂಸಿನಿಂದ ಹಿಡಿದು ಕೋಲೂರುವ ಮುದುಕರ ತನಕ ಎಲ್ಲರಿಗೂ ಅವನು ಮಾವನೇ. ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಹಸಿದವರು ವಯಸ್ಸು ನೋಡಿ ಸಂಬಂಧ ಹಚ್ಚುವುದಿಲ್ಲ.

ಅಂಗಡಿ ದೊಡ್ಡದೇನಲ್ಲ. ಮುಂದೆ ಒಂದು ಗಾಜಿನ ಕಪಾಟು, ಪಕ್ಕದಲ್ಲಿ ನಾಲ್ಕು ಜನ ಕೂರುವ ಬೆಂಚು, ಹಿಂದೆ ಮಸಿ ಹಿಡಿದ ಗೋಡೆಯ ಭಟ್ಟಿ ಮನೆ. ಬೆಳಕು ಹರಿಯುವ ಮೊದಲೇ ಬನ್ ಮಾವ ಹಿಟ್ಟಿನ ಮುಂದೆ ನಿಂತಿರುತ್ತಿದ್ದ. ನಾದಿದ ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಾದರೆ ಹದ ಬಂತೆಂದು ಅವನ ಗುರು ಹೇಳಿಕೊಟ್ಟಿದ್ದ. ಹಾಗಾಗಿ ಒಂದು ಕೈಯಲ್ಲಿ ಹಿಟ್ಟು, ಇನ್ನೊಂದು ಕೈಯಲ್ಲಿ ತನ್ನದೇ ಕಿವಿ ಹಿಡಿದು ಕಣ್ಣು ಮುಚ್ಚಿ ನಿಲ್ಲುವುದು ಅವನ ದಿನದ ಮೊದಲ ಕೆಲಸ. ಹೊಸದಾಗಿ ನೋಡಿದವರು, ಪಾಪ, ಏನು ತಪ್ಪು ಮಾಡಿದ್ದಾನೋ ಎಂದುಕೊಂಡು ಹೋಗುತ್ತಿದ್ದರು.

ಮನುಷ್ಯ ಒಳ್ಳೆಯವನು, ಆದರೆ ಪ್ರೀತಿಯನ್ನು ಮಾತಿನಲ್ಲಿ ಹೇಳಲು ಅವನಿಗೆ ಬಾರದು. ಯಾರ ಮೇಲಾದರೂ ಅಕ್ಕರೆ ಉಕ್ಕಿದರೆ ಕೈಗೆ ಸಿಕ್ಕಿದ್ದನ್ನು ಒಂದು ಹಿಡಿ ಹೆಚ್ಚು ಹಾಕುತ್ತಿದ್ದ. ಪರೀಕ್ಷೆಗೆ ಹೋಗುವ ಮಕ್ಕಳ ಬಿಸ್ಕತ್ತಿಗೆ ಸಕ್ಕರೆ ಹೆಚ್ಚು. ಬಾಣಂತಿಯ ಬ್ರೆಡ್ಡು ಮಾಮೂಲಿಗಿಂತ ಎರಡು ಬೆರಳು ಉದ್ದ. ಅವನ ಮದುವೆಯಾದ ಹೊಸದರಲ್ಲಿ ಹೆಂಡತಿಗೆಂದು ಮಾಡಿದ ಕೇಕಿನಲ್ಲಿ ದ್ರಾಕ್ಷಿ ಎಷ್ಟಿತ್ತೆಂದರೆ, ಅದು ಕೇಕೋ ದ್ರಾಕ್ಷಿಯ ಗೊಂಚಲೋ ಎಂದು ಆಕೆ ಸಾಯುವ ತನಕ ಕಾಡಿಸುತ್ತಿದ್ದಳಂತೆ. ಈ ಹೆಚ್ಚು ಹಾಕುವ ಚಾಳಿಯೇ ಅವನನ್ನು ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಹಿಡಿದು ಅಲ್ಲಾಡಿಸಿದ್ದು.

ಅವನ ಅಣ್ಣ ಬಸ್ ಡ್ರೈವರು, ಎಂಟು ವರ್ಷ ದೊಡ್ಡವನು. ಅಪ್ಪ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಓದಿಸುವ ಹೊಣೆ ಅಣ್ಣನ ಮೇಲೆ ಬಿತ್ತು. ಈ ತಲೆಗೆ ಅಕ್ಷರ ಹತ್ತುವುದಿಲ್ಲ ಎಂದು ಖಾತ್ರಿಯಾದ ದಿನ ಕೈಹಿಡಿದು ಒಬ್ಬ ಬೇಕರಿಯವನ ಮುಂದೆ ನಿಲ್ಲಿಸಿದವನೂ ಅವನೇ. ಆ ಅಣ್ಣ ನಲವತ್ತಾರನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಬಸ್ಸನ್ನು ನಿಲ್ದಾಣಕ್ಕೆ ತಂದು, ಜನರನ್ನೆಲ್ಲ ಇಳಿಸಿ, ಬ್ರೇಕು ಹಾಕಿ, ಆಮೇಲೆ ಸ್ಟಿಯರಿಂಗಿನ ಮೇಲೆ ಒರಗಿದ. ಹೃದಯಾಘಾತ. ಹೇಗೋ ಬದುಕಿಕೊಂಡ. ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ಬನ್ ಮಾವನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು: "ನೀವು ಬೇಕರಿಯವರಲ್ವಾ, ಬೆಣ್ಣೆ ಮುಟ್ಟಿಸ್ಬೇಡಿ. ಡಬ್ಬದಲ್ಲಿ ವನಸ್ಪತಿ ಬರತ್ತಲ್ಲ, ಎಣ್ಣೇನ ಗಟ್ಟಿ ಮಾಡಿದ್ದು, ಅದನ್ನ ಬಳಸಿ. ಹುಷಾರಾಗಿ ನೋಡ್ಕೊಂಡ್ರೆ ಐದು ವರ್ಷಕ್ಕೆ ಮೋಸ ಇಲ್ಲ."

ಇದು ಇಪ್ಪತ್ತಾರು ವರ್ಷದ ಹಿಂದಿನ ಮಾತು. ಅಂದೇ ಸಂಜೆ ಅಂಗಡಿಯಿಂದ ಬೆಣ್ಣೆ ಹೊರಗೆ ಹೋಯಿತು, ಬಿಳಿ ಡಬ್ಬ ಒಳಗೆ ಬಂತು. ಅಣ್ಣನಿಗೆ ಆಗದ್ದು ಬೀದಿಗೆ ಯಾಕೆ ಆಗಬೇಕು ಎಂದು ಬನ್ನು, ಬಿಸ್ಕತ್ತು, ಕೇಕು ಎಲ್ಲಕ್ಕೂ ಅದೇ ಹಾಕತೊಡಗಿದ. ಬಾಗಿಲ ಮೇಲೆ ಹಲಗೆ ಬರೆಸಿದ: 'ಇಲ್ಲಿ ಬೆಣ್ಣೆ ಬಳಸುವುದಿಲ್ಲ. ನಿಮ್ಮ ಹೃದಯ ನಮ್ಮ ಹೊಣೆ.' ಜನ ಮೆಚ್ಚಿದರು. ಡಾಕ್ಟರೇ ಬಂದು ಬೆನ್ನು ತಟ್ಟಿದರು.

ಅಣ್ಣನಿಗೆಂದು ದಿನಕ್ಕೊಂದು ಬನ್ನು ಬೇರೆಯೇ ಆಗುತ್ತಿತ್ತು. ಅದಕ್ಕೆ ಆ ಬಿಳಿ ಕೊಬ್ಬು ಎರಡು ಪಾಲು. ಒಳ್ಳೆಯದು ಒಂದು ಪಾಲಿಗೆ ಇಷ್ಟು ಒಳ್ಳೆಯದಾದರೆ ಎರಡು ಪಾಲಿಗೆ ಎಷ್ಟು ಒಳ್ಳೆಯದಾಗಬೇಡ ಎಂಬುದು ಅವನ ಲೆಕ್ಕ. ಟ್ರೇಯಲ್ಲಿ ಕಲೆತು ಹೋಗದಿರಲೆಂದು ಆ ಬನ್ನಿನ ನೆತ್ತಿಯ ಮೇಲೆ ಹೆಬ್ಬೆರಳು ಒತ್ತಿ ಗುಳಿ ಮಾಡುತ್ತಿದ್ದ. ಬೆಳಗ್ಗೆ ಆರಕ್ಕೆ ಸರಿಯಾಗಿ ಅಣ್ಣ ಬರುತ್ತಿದ್ದ. ತಮ್ಮ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಐದು ವರ್ಷ ಎಂದು ಡಾಕ್ಟರು ಹೇಳಿದ್ದ ಅಣ್ಣ ಹತ್ತೊಂಬತ್ತು ವರ್ಷ ಇದ್ದ. ಏಳು ವರ್ಷದ ಹಿಂದೆ ಒಂದು ಭಾನುವಾರ ಕುರ್ಚಿಯಲ್ಲಿ ಕೂತು ಒಂದು ಕಾಲಿಗೆ ಬೂಟು ಹಾಕಿಕೊಂಡವನು ಇನ್ನೊಂದು ಕಾಲಿಗೆ ಹಾಕಿಕೊಳ್ಳಲಿಲ್ಲ. ಮಣ್ಣು ಮಾಡಿ ಬರುವಾಗ ಡಾಕ್ಟರು ಬನ್ ಮಾವನ ಹೆಗಲ ಮೇಲೆ ಕೈಯಿಟ್ಟು, "ಹತ್ತೊಂಬತ್ತು ವರ್ಷ ನಿಮ್ಮ ಬನ್ನೇ ಕಾಪಾಡ್ತು," ಎಂದಿದ್ದರು. ಓದು ಹತ್ತದ ತಮ್ಮನಿಗೆ ಬಾಳಿನಲ್ಲಿ ಸಿಕ್ಕಿದ ಒಂದೇ ಒಂದು ಪ್ರಶಸ್ತಿ ಅದು. ಅದನ್ನು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ, ಮರೆಯಲೂ ಇಲ್ಲ.

ಹೀಗಿರುವಾಗ ಒಂದು ಬುಧವಾರ ಆಹಾರ ತಪಾಸಣೆಯ ಕಚೇರಿಯಿಂದ ಒಬ್ಬಾಕೆ ಬಂದಳು. ಬಲು ಸಭ್ಯಸ್ಥೆ. ಮೊದಲು ಒಂದು ಬನ್ನು ಕೊಂಡು ತಿಂದು, ಚೆನ್ನಾಗಿದೆ ಎಂದಳು. ಆಮೇಲೆ ಒಳಗೆ ಹೋಗಿ ಡಬ್ಬವನ್ನು ತಿರುಗಿಸಿ ತಿರುಗಿಸಿ ಓದಿದಳು.

"ಇದನ್ನ ಮುಂದಿನ ತಿಂಗಳಿಂದ ಬಳಸೋ ಹಾಗಿಲ್ಲ ಮಾವ," ಎಂದಳು. ಅವಳಿಗೂ ಅವನು ಮಾವನೇ.

"ಯಾಕೆ ಮೇಡಂ, ಕಲಬೆರಕೆನಾ?"

"ಕಲಬೆರಕೆ ಏನಿಲ್ಲ. ಈ ಮಾಲೇ ಹಾಗೆ. ಎಣ್ಣೇನ ಕಾರ್ಖಾನೇಲಿ ಗಟ್ಟಿ ಮಾಡುವಾಗ ಅದರ ಗುಣ ಕೆಡತ್ತೆ. ಹೃದಯಕ್ಕೆ ಬೆಣ್ಣೆಗಿಂತ ಕೆಟ್ಟದ್ದು."

"ಹೃದಯಕ್ಕೆ ಒಳ್ಳೇದು ಅಂತಲೇ ನಾನು ಶುರು ಮಾಡಿದ್ದು."

"ಆಗ ಎಲ್ರೂ ಹಾಗೇ ಅಂದ್ಕೊಂಡಿದ್ರು," ಎಂದಳು ಆಕೆ. ಬಾಗಿಲ ಮೇಲಿನ ಹಲಗೆಯನ್ನು ಒಮ್ಮೆ ಓದಿದಳು. ಅಚ್ಚು ಹಾಕಿದ ಒಂದು ಹಾಳೆ ಕೊಟ್ಟು ಹೋದಳು.

ಅಕ್ಷರಕ್ಕೂ ತನಗೂ ಎಣ್ಣೆ ಸೀಗೇಕಾಯಿ ಎಂದುಕೊಂಡಿದ್ದ ಬನ್ ಮಾವ ಆ ಹಾಳೆಯನ್ನು ಆರು ಸಲ ಓದಿದ. ಹೃದ್ರೋಗ ಇರುವವರು ಇದನ್ನು ಮುಟ್ಟಲೇಬಾರದು ಎಂಬ ಸಾಲು ಬಂದಾಗಲೆಲ್ಲ ಅವನ ಹೆಬ್ಬೆರಳು ತಾನಾಗಿಯೇ ಮಡಚಿಕೊಂಡಿತು. ಬೀದಿಯವರೆಲ್ಲ ಒಂದು ಪಾಲು ತಿಂದರು. ಅಣ್ಣನಿಗೆ ಎರಡು ಪಾಲು ತಿನ್ನಿಸಿದೆ. ದಿನ ತಪ್ಪದೆ, ಹತ್ತೊಂಬತ್ತು ವರ್ಷ, ಈ ಕೈಯಾರೆ. ಇದನ್ನು ಅತ್ತಿಗೆಗೆ ಯಾವ ಬಾಯಲ್ಲಿ ಹೇಳಲಿ?

ಮರುದಿನ ಬಾಗಿಲಿಗೆ 'ಭಟ್ಟಿ ರಿಪೇರಿಯಲ್ಲಿದೆ' ಎಂಬ ಸ್ಲೇಟು ಬಂತು. ಮೂವತ್ತೆಂಟು ವರ್ಷದಲ್ಲಿ ಹೆಂಡತಿ ಸತ್ತಾಗ ಮೂರು ದಿನ, ಅಣ್ಣ ಸತ್ತಾಗ ಮೂರು ದಿನ ಬಿಟ್ಟರೆ ಆ ಭಟ್ಟಿ ಆರಿದ್ದೇ ಇಲ್ಲ.

ಭಟ್ಟಿ ಆರಿದರೂ ಬೆಂಚು ಆರಲಿಲ್ಲ. ಅಲ್ಲಿನ ಖಾಯಂ ಗಿರಾಕಿಗಳಿಗೆ ಬನ್ನು ನೆಪ, ಮಾತೇ ಊಟ. ತಪಾಸಣೆಯ ಸುದ್ದಿ ಹೇಗೋ ಸೋರಿ, ಬೆಂಚಿನ ಮೇಲೆ ಕೊಬ್ಬಿನ ಮಹಾಯುದ್ಧ ಶುರುವಾಗಿತ್ತು. ನಿವೃತ್ತ ಲೆಕ್ಕದ ಮೇಷ್ಟ್ರು ಮೂರು ವರ್ಷದಿಂದ ಒಂದು ತೊಟ್ಟು ಎಣ್ಣೆ ಮುಟ್ಟದವರು. "ಕೊಬ್ಬು ಅಂದ್ರೆ ಕೊಬ್ಬೇ. ಬಿಳಿದೋ ಹಳದಿದೋ, ರಕ್ತನಾಳಕ್ಕೆ ಬಣ್ಣ ಕಾಣತ್ತಾ?" ಎನ್ನುತ್ತಿದ್ದರು. ಅವರ ಚರ್ಮ ಒಣಗಿ ಮೊಣಕೈ ಬೂದಿ ಬಣ್ಣಕ್ಕೆ ತಿರುಗಿತ್ತು. ಜಿಮ್ ನಡೆಸುವವನು ಕಾಫಿಗೆ ಬೆಣ್ಣೆ ಕದಡಿ ಕುಡಿಯುವ ಪಂಗಡದವನು. "ನಮ್ಮ ಮುತ್ತಜ್ಜ ಬೆಣ್ಣೆ ತಿಂದು ತೊಂಬತ್ತೈದು ಬದುಕಿದ್ರು ಸಾರ್," ಎಂದ. "ನಿಮ್ಮ ಮುತ್ತಜ್ಜ ದಿನಾ ಎರಡು ಎಕರೆ ಉಳ್ತಿದ್ರು. ನೀನು ಸೈಕಲ್ ತುಳೀತೀಯ, ಅದು ನಿಂತಲ್ಲೇ ನಿಂತಿರತ್ತೆ," ಎಂದರು ಮೇಷ್ಟ್ರು. ಇಬ್ಬರೂ ಫೋನು ತೆಗೆದು ತಮ್ಮ ತಮ್ಮ ಪಂಡಿತರ ವಿಡಿಯೊ ಹಾಕಿ ಎದುರುಬದುರು ಕೂಗಿಸಿದರು. ಒಳಗೆ ಆರಿದ ಭಟ್ಟಿಯ ಪಕ್ಕ ಕೂತಿದ್ದ ಬನ್ ಮಾವನಿಗೆ ಪ್ರತಿಯೊಂದು ಮಾತೂ ತನ್ನ ಅಣ್ಣನ ಬಗ್ಗೆಯೇ ಕೇಳಿಸುತ್ತಿತ್ತು.

ಮಗಳಿಗೆ ರಿಪೇರಿಯ ಕಥೆ ಮೊದಲ ದಿನವೇ ಹಿಡಿಸಿರಲಿಲ್ಲ. ಮೂವತ್ತಮೂರರ ಹೆಣ್ಣು, ಹತ್ತು ವರ್ಷದಿಂದ ಅಪ್ಪನ ಜೊತೆ ಹಿಟ್ಟು ನಾದಿದವಳು. ಭಟ್ಟಿಯ ಒಂದು ಇಟ್ಟಿಗೆ ಅಲ್ಲಾಡಿದರೂ ಅವಳಿಗೆ ಗೊತ್ತು. ಐದನೆಯ ದಿನ ಎದುರಿಗೆ ಕೂತಳು.

"ಅಪ್ಪ, ರಿಪೇರಿಯವನು ಯಾವಾಗ ಬರ್ತಾನೆ?"

"ಬರ್ತಾನೆ."

"ಯಾರನ್ನ ರಿಪೇರಿ ಮಾಡೋಕೆ, ಭಟ್ಟೀನಾ, ನಿನ್ನನ್ನಾ?"

ಅವನು ಹಾಳೆಯನ್ನು ಅವಳ ಕೈಗಿಟ್ಟ. ಎರಡು ಪಾಲಿನ ಸಂಗತಿ ಹೇಳಿದ. ಮಗಳು ಹಾಳೆ ಓದಿ ಮಡಚಿಟ್ಟು, "ಡಾಕ್ಟ್ರ ಹತ್ರ ಹೋಗಿ ಕೇಳು," ಎಂದಳು. "ಇಲ್ಲಿ ಕೂತು ನಿನ್ನ ಮೇಲೆ ನೀನೇ ತೀರ್ಪು ಕೊಡ್ಬೇಡ."

ಡಾಕ್ಟರಿಗೆ ಈಗ ಎಂಬತ್ತು ದಾಟಿತ್ತು. ಆಸ್ಪತ್ರೆ ಬಿಟ್ಟು ಮಹಡಿಯ ಮೇಲೆ ಹೂಕುಂಡಗಳನ್ನು ನೋಡಿಕೊಂಡಿದ್ದರು. ಬನ್ ಮಾವ ಹಾಳೆಯನ್ನು ಮುಂದೆ ಹಿಡಿದು, "ಡಾಕ್ಟ್ರೇ, ಇದು ನಿಜಾನಾ?" ಎಂದ.

ಅದನ್ನು ಓದಲು ಅವರು ಕನ್ನಡಕವನ್ನೂ ಹುಡುಕಲಿಲ್ಲ. "ನಿಜ," ಎಂದರು. "ನಾನೇ ನಿಮಗೆ ಹೇಳಿದ್ದು ಅನ್ನೋದೂ ನೆನಪಿದೆ. ಬೆಣ್ಣೆ ಬಿಡಿ ಅಂದ್ವಿ. ಅದರ ಜಾಗಕ್ಕೆ ಏನು ಬಂತು ಅಂತ ಸರಿಯಾಗಿ ನೋಡ್ಲಿಲ್ಲ. ನೋಡುವಷ್ಟು ಹೊತ್ತಿಗೆ ವರ್ಷಗಳೇ ಹೋದ್ವು."

"ಹಾಗಾದ್ರೆ ಬೆಣ್ಣೆ ಒಳ್ಳೇದಾ?"

"ಈಗ ಹಾಗೂ ಕೆಲವರು ಕುಣೀತಾರೆ. ಅದೂ ಅತಿ. ಎಣ್ಣೆಕಾಳಿನ ಎಣ್ಣೆ, ಬಾದಾಮಿಯಂಥ ಬೀಜ, ಮೀನು, ಇವು ಒಳ್ಳೇದು ಅಂತ ಹೆಚ್ಚಿನವರು ಒಪ್ತಾರೆ. ಬೆಣ್ಣೆ ಎಷ್ಟು ತಿನ್ಬಹುದು ಅಂತ ಇನ್ನೂ ಜಗಳ ಇದೆ, ಮಿತೀಲಿ ತಿಂದ್ರೆ ಮುಳುಗೋದಿಲ್ಲ. ಈ ಡಬ್ಬದ್ದು ಬೇಡ ಅನ್ನೋದ್ರಲ್ಲಿ ಮಾತ್ರ ಈಗ ಜಗಳ ಇಲ್ಲ."

ಬನ್ ಮಾವ ಕೇಳಬೇಕಾದದ್ದನ್ನು ಕೊನೆಗೂ ಕೇಳಿದ. "ನಮ್ಮಣ್ಣ ಇನ್ನೂ ಬದುಕ್ತಿದ್ನಾ?"

ಡಾಕ್ಟರು ನೀರಿನ ಡಬ್ಬಿ ಕೆಳಗಿಟ್ಟರು. "ಗೊತ್ತಿಲ್ಲ. ಬದುಕ್ತಿದ್ನೇನೋ, ಇಲ್ವೇನೋ. ಒಬ್ಬ ಮನುಷ್ಯನ ಬಗ್ಗೆ ಅಂಥ ಮಾತು ಯಾವ ಡಾಕ್ಟರೂ ಹೇಳೋಕಾಗಲ್ಲ. ಹೇಳಿದ್ರೆ ನಂಬ್ಬೇಡಿ. ತಪ್ಪು ಹೇಳಿದ್ದು ನಾನು, ಅದಂತೂ ಖಂಡಿತ. ಅದಕ್ಕೆ ನಿಮ್ಮನ್ನ ಕ್ಷಮೆ ಕೇಳ್ತೀನಿ."

ಅಷ್ಟು ದೊಡ್ಡವರು ಕ್ಷಮೆ ಕೇಳಿದ್ದು ಬನ್ ಮಾವನಿಗೆ ಇನ್ನೂ ಕಷ್ಟವಾಯಿತು. ಅವರು ತನ್ನನ್ನು ಕೇಳಿದರು, ತಾನು ಅತ್ತಿಗೆಯನ್ನು ಕೇಳಬೇಕು. ಮೆಟ್ಟಿಲಿಳಿಯುವಾಗ ಅದೊಂದೇ ತಲೆಯಲ್ಲಿತ್ತು.

ಎಂಟನೆಯ ದಿನ ಬೆಳಗ್ಗೆ ಭಟ್ಟಿ ಮನೆಯಲ್ಲಿ ಸದ್ದಾಯಿತು. ಮಗಳು ಬೆಣ್ಣೆ ತಂದಿದ್ದಳು. ಬೇಡ ಎನ್ನಲು ಹೋದ ಬನ್ ಮಾವ ಅವಳು ಅಳತೆ ತಪ್ಪುವುದನ್ನು ಕಂಡು ತಡೆಯಲಾರದೆ ತಾನೇ ಕೈಹಾಕಿದ. ಇಪ್ಪತ್ತಾರು ವರ್ಷ ಡಬ್ಬದ ಕೊಬ್ಬಿಗೆ ಒಗ್ಗಿದ ಕೈ ಅದು. ಡಬ್ಬದ್ದು ಎಷ್ಟು ನಾದಿದರೂ ಜಪ್ಪಯ್ಯ ಎನ್ನುವುದಿಲ್ಲ. ಬೆಣ್ಣೆ ಅಂಗೈಯ ಬಿಸಿಗೇ ಕರಗಿ, ಹಿಟ್ಟು ಜಿಡ್ಡಾಗಿ, ಮೊದಲ ಟ್ರೇ ಚಪ್ಪಲಿ ಅಟ್ಟೆಗಳ ಹಾಗೆ ಹೊರಬಂತು. ಮಗಳು ಒಂದನ್ನು ಎತ್ತಿ ಕಾಲಿಗೆ ಅಳತೆ ನೋಡಿದಳು. ಎಂಟು ದಿನದಲ್ಲಿ ಅವನ ಮುಖ ಮೊದಲ ಸಲ ಸಡಿಲಾಯಿತು.

ಎರಡನೆಯ ಸಲ ಮಗಳೇ ನಾದಿದಳು. ಅವಳ ಕೈ ಹುಟ್ಟಿನಿಂದ ತಣ್ಣಗೆ. ಚಿಕ್ಕವಳಿದ್ದಾಗ ಚಳಿಗಾಲದಲ್ಲಿ ಅಪ್ಪನ ಬೆನ್ನಿಗೆ ಅಂಗೈ ಇಟ್ಟು ಕಿರುಚಿಸುತ್ತಿದ್ದಳು. ಅವನು ಪಕ್ಕದಲ್ಲಿ ನಿಂತು, "ನೀರು ತಣ್ಣಗಿರಲಿ, ಬೆಣ್ಣೆ ಕೊನೇಲಿ, ಸ್ವಲ್ಪಸ್ವಲ್ಪವಾಗಿ, ಇನ್ನೂ ಕಡಿಮೆ," ಎನ್ನುತ್ತ ಹೋದ. ಬನ್ನು ದುಂಡಗೆ ಉಬ್ಬಿದವು. ಮಗಳು ಸ್ಲೇಟು ತೆಗೆಯಲು ಹೊರಟಾಗ ಮಾತ್ರ ಅಡ್ಡ ನಿಂತ.

"ನಿನ್ನ ದೊಡ್ಡಮ್ಮನಿಗೆ ಹೇಳ್ದೆ ಬಾಗಿಲು ತೆಗೆಯಲ್ಲ."

"ಹಾಗಾದ್ರೆ ಹೇಳು."

"ಬೇಡ ಅಂದ್ಬಿಟ್ರೆ? ಮುಖ ನೋಡಲ್ಲ ಅಂದ್ರೆ?"

ಮಗಳು ಸ್ಲೇಟನ್ನು ಇದ್ದಲ್ಲಿಯೇ ಬಿಟ್ಟಳು. ಅವನಿಗೆ ತಾಯಿ ಸತ್ತ ಮೇಲೆ ತಾಯಿಯ ಜಾಗದಲ್ಲಿದ್ದವರು ಅತ್ತಿಗೆ ಒಬ್ಬರೇ. ಅವರೂ ಕೈಬಿಟ್ಟರೆ ಭಟ್ಟಿ ಯಾರಿಗಾಗಿ ಹಚ್ಚುವುದು? ಇಡೀ ದಿನ ಹೀಗೇ ಕಳೆಯಿತು. ಒಂಬತ್ತನೆಯ ದಿನ ಮಧ್ಯಾಹ್ನ, ಯಾಕೋ ಏನೋ, ಏಪ್ರನ್ ಕಟ್ಟಿಕೊಂಡೇ ಹೊರಟ.

ಅತ್ತಿಗೆಯ ಮನೆ ಎರಡು ಬೀದಿ ಆಚೆ. ಎಪ್ಪತ್ತಾದರೂ ಅವರು ಹೊಲಿಗೆ ಬಿಟ್ಟಿರಲಿಲ್ಲ. ಕಿಟಕಿಯ ಪಕ್ಕ ಮಿಷನ್ನು, ನೆಲದ ಮೇಲೆ ಶಾಲೆ ಸಮವಸ್ತ್ರದ ನೀಲಿ ಬಟ್ಟೆಯ ಗುಡ್ಡೆ. ಮೈದುನನನ್ನು ಕಂಡು ಕಾಲು ನಿಲ್ಲಿಸದೆಯೇ, "ಇಲ್ಲಿ ಬಾ, ಕೂತ್ಕೋ," ಎಂದರು.

ಅವನು ಕೂರಲಿಲ್ಲ. ನಿಂತೇ ಹೇಳಿದ. ಡಾಕ್ಟರ ಮಾತಿನಿಂದ ಹಿಡಿದು ಎರಡು ಪಾಲಿನ ತನಕ, ಹೆಬ್ಬೆರಳ ಗುಳಿಯ ಸಮೇತ, ಒಂದನ್ನೂ ಬಿಡದೆ. "ನನ್ನ ಕೈಯಾರೆ ನಾನೇ ಅಣ್ಣನಿಗೆ ವಿಷ ಹಾಕ್ದೆ ಅತ್ತಿಗೆ," ಎಂದು ಮುಗಿಸಿದ.

ಮಿಷನ್ನು ನಿಂತಿತು. ಅತ್ತಿಗೆ ದಾರ ಕತ್ತರಿಸಿ, ಬಟ್ಟೆ ಮಡಚಿ ಪಕ್ಕಕ್ಕಿಟ್ಟರು.

"ನನಗೆ ಗೊತ್ತು," ಎಂದರು.

ಅವನಿಗೆ ಅರ್ಥವಾಗಲಿಲ್ಲ.

"ಡಬ್ಬದ್ದು ಕೆಟ್ಟದ್ದು ಅಂತ ಪೇಪರಲ್ಲಿ ಓದಿ ವರ್ಷದ ಮೇಲಾಯ್ತು. ಎರಡು ಪಾಲು ಅಂತ ಅವರು ಬದುಕಿದ್ದಾಗಲೇ ಗೊತ್ತು. ಸುತ್ತಿದ ಕಾಗದ ಜಿಡ್ಡಾಗಿ ಆಚೆ ಕಡೆ ಕಾಣ್ತಿತ್ತಲ್ಲ. ಹೋದ ವರ್ಷ ಹಲ್ಲುನೋವು ಅಂತ ಒಂದು ತಿಂಗಳು ನಿನ್ನ ಬ್ರೆಡ್ಡು ತಗೊಳ್ಲಿಲ್ಲ, ನೆನಪಿದೆಯಾ? ಹಲ್ಲು ಕಲ್ಲಿನ ಹಾಗಿತ್ತು. ನಿನ್ನ ಮೇಲೆ ಅಷ್ಟು ಕೋಪ ಬಂದಿತ್ತು."

"ಬಂದು ಬೈಬೇಕಿತ್ತು ಅತ್ತಿಗೆ."

"ಬೈಯೋಕೆ ಅಂತ ಒಂದಿನ ಚಪ್ಪಲಿ ಮೆಟ್ಕೊಂಡೆ. ಆಮೇಲೆ ಯೋಚನೆ ಮಾಡ್ದೆ. ಇವರು ದಿನಕ್ಕೆ ಎರಡು ಪ್ಯಾಕು ಸಿಗರೇಟು ಸೇದ್ತಿದ್ರು. ಆಸ್ಪತ್ರೆಯಿಂದ ಬಂದ ಮೇಲೂ ಬಿಡ್ಲಿಲ್ಲ. ಡಾಕ್ಟ್ರು ಹೇಳಿದ್ರು, ನಾನು ಅತ್ತು ಕಾಲು ಹಿಡ್ದೆ, ಕೇಳ್ಲಿಲ್ಲ. ನೀನು ಒಂದು ದಿನ ಏನಂದೆ, ನೆನಪಿದೆಯಾ?"

ಅವನು ತಲೆಯಾಡಿಸಿದ. ಇಲ್ಲ.

"ಸಿಗರೇಟಿನ ಬಾಯಿಗೆ ನನ್ನ ಬನ್ನು ಕೊಡಲ್ಲ, ನಾಳೆಯಿಂದ ಮೂಸಿ ನೋಡಿ ಕೊಡ್ತೀನಿ ಅಂದೆ."

"ಅದು ತಮಾಷೆಗೆ ಅಂದಿದ್ದು."

"ಅವರಿಗೆ ತಮಾಷೆ ಆಗಿರ್ಲಿಲ್ಲ. ಏನೂ ಬಾಯಿಬಿಟ್ಟು ಕೇಳದ ತಮ್ಮ ಕೇಳಿದ್ದು ಅದೊಂದೇ ಅಂದ್ರು. ಮಾರನೇ ದಿನದಿಂದ ಮುಟ್ಲಿಲ್ಲ. ಬೆಳಗಾದ್ರೆ ಹಲ್ಲುಜ್ಜಿ, ನಡ್ಕೊಂಡು ನಿನ್ನ ಅಂಗಡಿಗೆ. ಆ ಬನ್ನು ಎಷ್ಟು ದಿನ ಕೊಡ್ತೋ, ಎಷ್ಟು ದಿನ ಕಿತ್ಕೊಳ್ತೋ, ಅಳೆಯೋ ಟೇಪು ನನ್ನ ಹತ್ರ ಇಲ್ಲ. ನಿನ್ನ ಹತ್ರಾನೂ ಇಲ್ಲ. ಹಾಗಂತ ತಪ್ಪು ತಪ್ಪಲ್ಲ ಅಂತಿಲ್ಲ. ನಂಬಿ ಮಾಡಿದ ತಪ್ಪು, ಕದ್ದು ಮಾಡಿದ್ದಲ್ಲ. ಇನ್ನೊಂದು ವಿಷಯ, ಆ ಬನ್ನಲ್ಲಿ ಅರ್ಧ ನಾನೇ ತಿಂತಿದ್ದೆ."

ಬನ್ ಮಾವ ಬೆಚ್ಚಿ ಅವರನ್ನು ಅಡಿಯಿಂದ ಮುಡಿಯ ತನಕ ನೋಡಿದ.

"ಹಾಗೆ ನೋಡ್ಬೇಡ. ಕನ್ನಡಕ ಇಲ್ದೆ ಸೂಜಿಗೆ ದಾರ ಪೋಣಿಸ್ತೀನಿ." ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಮುಂದುವರಿಸಿದರು. "ನನ್ನದೂ ತಪ್ಪಿದೆ. ಹೇಳಿದ್ರೆ ನೀನು ಭಟ್ಟಿ ಆರಿಸಿ ಕೂತ್ಬಿಡ್ತೀಯ ಅಂತ ಒಂದು ವರ್ಷ ಬಾಯಿ ಮುಚ್ಕೊಂಡಿದ್ದೆ. ಬೀದಿಯ ಮಕ್ಕಳೆಲ್ಲ ಅದನ್ನೇ ತಿಂದ್ವು. ಇನ್ಮೇಲೆ ಹಾಗಾಗ್ಬಾರ್ದು. ಬಾಗಿಲು ತೆಗಿ, ಇಷ್ಟು ವರ್ಷ ಏನು ಹಾಕಿದ್ದೆ, ಈಗ ಏನು ಹಾಕ್ತಿದ್ದೀನಿ ಅಂತ ಬಂದವರಿಗೆಲ್ಲ ನೀನೇ ನಿಂತು ಹೇಳು. ನಾಳೆ ಬೆಣ್ಣೆನೂ ಸರಿಯಿಲ್ಲ ಅಂತ ಗೊತ್ತಾದ್ರೆ ಅದನ್ನೂ ಹೇಳು."

"ಹೇಳ್ತೀನಿ," ಎಂದ ಬನ್ ಮಾವ. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ.

"ಯಾವಾಗ?"

"ನಾಳೆ ಬೆಳಗ್ಗೆ."

"ನಾಡಿದ್ದು. ನಾಳೆ ಬೇರೆ ಕೆಲಸ ಇದೆ. ನಿಮ್ಮಣ್ಣನಿಗೆ ನಲವತ್ತಾರಕ್ಕೇ ಬಂತು. ನಿನ್ನ ಎದೆ ಯಾರಾದ್ರೂ ಪರೀಕ್ಷೆ ಮಾಡಿದ್ದಾರಾ?"

ಮಾಡಿರಲಿಲ್ಲ. ದಿನವೂ ಡಬ್ಬದ ಬನ್ನೇ ತಿನ್ನುವ ತನಗೆ ಏನಾಗುತ್ತದೆ ಎಂದು ಇಪ್ಪತ್ತಾರು ವರ್ಷ ಧೈರ್ಯದಿಂದ ಇದ್ದ.

"ಅಂದ್ಕೊಂಡೆ. ನಾಳೆ ನಾನೂ ಆಸ್ಪತ್ರೆಗೆ ಬರ್ತೀನಿ, ಇಬ್ಬರದೂ ಪರೀಕ್ಷೆ ಮಾಡಿಸೋಣ. ಮೊದಲು ಇಲ್ಲಿ ಬಾ, ಆ ಏಪ್ರನ್ನು ಎಷ್ಟು ಜೋತುಬಿದ್ದಿದೆ ನೋಡು. ಒಂಬತ್ತು ದಿನ ಏನು ತಿಂದ್ಯೋ ಏನೋ. ನಾಡಿದ್ದಕ್ಕೆ ಹೊಸದು ಹೊಲೀತೀನಿ."

ಅವನು ಕೈ ಎತ್ತಿ ನಿಂತ. ಅತ್ತಿಗೆ ಕೊರಳಿನ ಟೇಪು ತೆಗೆದು ಅವನ ಎದೆಯ ಸುತ್ತ ತಂದು ಸಂಖ್ಯೆ ನೋಡಿದರು, ಸಮಾಧಾನವಾಗದೆ ಇನ್ನೊಂದು ಸಲ ನೋಡಿದರು.

"ಉಸಿರು ಬಿಡು," ಎಂದರು. "ಹೀಗೆ ಹಿಡ್ಕೊಂಡು ನಿಂತ್ರೆ ಅಳತೆ ತಪ್ಪತ್ತೆ."

ಬನ್ ಮಾವ ಉಸಿರು ಬಿಟ್ಟ.